ಒಣಗಿದ ಗಾಂಜಾ ಭರಣಿ

ರೀ,

ಗಾಂಜಾ ಭರಣಿ ಮುಚ್ಚಳಾ ಇವತ್ತ ತೆಗೀಬ್ಯಾಡ್ರಿ. ಒಳಗಿನ ತೇವದ ಮೀಟರ್ ಅರವತ್ತೆರಡು ತೋರಸಬೇಕು, ಐವತ್ತಕ್ಕ ಇಳದೈತಿ. ಈ ದೇಶದಾಗ ಕಾಯ್ದೆ ಒಪ್ಪೇತಿ ಅಂತ ಬ್ಯಾಸಗಿ ತುಂಬ ಹಿತ್ತಲದಾಗ ನೀವು ಬೆಳಸಿದ ಹೂವು, ಮುಟ್ಟಿದ್ರ ಪುಡಿ ಆಗಾಕತ್ತಾವ. ಮನಿ ಹೀಟರ ಒಣಗಿಸೇತಿ ಅಂತ ಪಾಪ, ಅದಕ್ಕ ಸುಮ್ಮನ ಬೈದೆ.

ದಿನಾ ಒಮ್ಮೆ ಮುಚ್ಚಳಾ ತೆಗದು ಗಾಳಿ ಆಡಸಬೇಕು ಅಂದಿದ್ರಿ. ಓಕ್‌ವಿಲ್‌ನಿಂದ ನೈಟ್ ಶಿಫ್ಟ್ ಮುಗಿಸಿ ನೀವು ಬರೂದ್ರಾಗ ನಾ ಕೆಲಸಕ್ಕ ಹೋಗಿರ್ತೀನಿ. ದಣದು ಮರತಿರ್ತೀರಿ ಅಂತ ದಿನಾ ನಾನ ತೆಗೀತಿದ್ದೆ. ನಿನ್ನೆ ಅತ್ತಿ ನಕ್ಕೋತ, "ಅವನೂ ಎದ್ದ ಕೂಡಲೇ ಅದನ್ನ ತೆಗೀತಾನಲ್ಲವಾ!" ಅಂದ್ರು. ಒಂದ ಮನ್ಯಾಗ ಇದ್ದು ನಮ್ಮಿಬ್ಬರದು ಇಷ್ಟು ಮಾತೂ ಆಗಿಲ್ಲ ನೋಡ್ರಿ.

ತೇವದ ಪಾಕೀಟು ಒಳಗ ಹಾಕೇನಿ, ಸರಿ ಆಗತೈತಿ. ಸಾರು ಫ್ರಿಜ್‌ನ್ಯಾಗ ಐತಿ. ಬಿಸಿ ಮಾಡ್ಕೊಂಡ ಉಣ್ರಿ, ಹೇಳಿ ಹೇಳಿ ಸಾಕಾಗೇತಿ.

ಮೊದಲ ಈ ವಾಸನಿಗೆ ಮೂಗು ಮುರೀತಿದ್ದೆ. ಈಗ ಮುಚ್ಚಳಾ ತೆಗದ್ರ ನಿಮ್ಮ ಅಂಗಿ ವಾಸನಿ ಬಂದಂಗ ಆಗತೈತಿ. ಅದಕ್ಕ ಒಂದೊಂದಿನ ಎರಡೆರಡು ಸಲ ತೆಗದೇನಿ.

ಈ ರವಿವಾರ ನನಗೂ ರಜಾ ಸಿಕ್ಕೈತಿ. ಅಲ್ಲೀತನಕಾ ಭರಣಿ ಮುಚ್ಚೇ ಇರಲಿ. ಅವತ್ತ ಬಂದ ಕೂಡಲೇ ಮಲಗಬ್ಯಾಡ್ರಿ, ಇಬ್ಬರೂ ಕೂಡೇ ತೆಗಿಯೂಣು.

ನೇತ್ರಾ