ಏಳು ನಿಮಿಷ ಮುಂದಿರುವ ಗಡಿಯಾರ

ಮಾರ್ಚ್ 3, ಸೋಮವಾರ

ಹತ್ತಕ್ಕೆ ಕೌಂಟರ್ ತೆರೆದೆ. ಹನ್ನೊಂದರವರೆಗೆ ನೊಣ ಹೊಡೆದೆ. ವಾರ್ಡ್ ಚುನಾವಣೆಗೆ ಹೆಸರು ಸೇರಿಸಲು, ವಿಳಾಸ ಬದಲಿಸಲು ಹದಿನಾಲ್ಕನೇ ತಾರೀಕು, ಸಂಜೆ ಐದು, ಕೊನೆ. ಬೋರ್ಡು ಹಾಕಿ ತಿಂಗಳಾಯಿತು. ಆನೆ ಗಾತ್ರದ ಅಕ್ಷರ. ಓದುವವರು ಯಾರು? ಬಾಯಾರಿದಾಗ ಬಾವಿ ತೋಡುವ ಜನ. ಹದಿನಾಲ್ಕರ ಸಂಜೆ ಓಡೋಡಿ ಬರುತ್ತಾರೆ, ನೋಡುತ್ತಿರಿ.

ನಾವೂ ಜನವರಿಯಲ್ಲಿ ಮನೆ ಬದಲಿಸಿದ್ದು. ರಿಜಿಸ್ಟರಿನ ಮೊದಲ ನಂಬರೇ ನನ್ನದು. ಇವಳ ಫಾರಂ ಇವತ್ತು ಕೈಗೆ ಬಂತು. ಇವಳ ತಂಗಿ ನಮ್ಮ ವಾರ್ಡಿಗೆ ನಿಂತಿದ್ದಾಳೆ. ಬೀದಿಗೆಲ್ಲ ದೀಪ ಹಾಕಿಸುತ್ತಾಳಂತೆ! ಮನೆಯ ಬಲ್ಬು ಬದಲಿಸಲು ನನ್ನನ್ನು ಕರೆಯುವವಳು.

"ರೀ, ಮರೀಬೇಡಿ. ಹುಟ್ಟಿದಾಗಿನಿಂದ ಅವಳು ನನ್ನ ಹತ್ರ ಏನೂ ಕೇಳಿದವಳಲ್ಲ. ಇದೊಂದು ವೋಟು ಕೇಳಿದಾಳೆ."

"ಮರೆಯೋಕೆ ನಾನೇನು ಪಬ್ಲಿಕ್ಕಾ?" ಎಂದೆ.

ಫಾರಂನಲ್ಲಿ ಮನೆ ನಂಬರು ಸರಿಯಾಗಿ ಕಾಣುವುದಿಲ್ಲ. ತಿದ್ದಬೇಕು. ಡ್ರಾಯರಿನಲ್ಲಿಟ್ಟೆ. ನಾಳೆ ನೋಡಿದರಾಯಿತು.

ಮಾರ್ಚ್ 6, ಗುರುವಾರ

ಊಟದ ಹೊತ್ತಿನಲ್ಲಿ ಒಬ್ಬಾಕೆ ಕಿಟಕಿ ಬಡಿದಳು. ಮಗು ಕಂಕುಳಲ್ಲಿ. ಒಂದೂವರೆಯಿಂದ ಎರಡು ಊಟ ಎಂದು ಬರೆದಿದೆ. ತುತ್ತು ಬಾಯಲ್ಲಿಟ್ಟುಕೊಂಡೇ ಬೋರ್ಡು ತೋರಿಸಿದೆ. ಅರ್ಧ ಗಂಟೆ ನಿಂತಳು. ನಿಲ್ಲಲಿ. ಹಾಗಾದರೂ ಓದು ಬರುತ್ತದೆ.

ಗೋಡೆ ಗಡಿಯಾರ ಮತ್ತೆ ಹಿಂದೆ ಬಿದ್ದಿತ್ತು, ಸರಿಯಾದ ಸಮಯಕ್ಕಿಂತ ಏಳು ನಿಮಿಷ ಮುಂದಿಟ್ಟೆ. ನಾಲ್ಕು ವರ್ಷದಿಂದ ಹೀಗೇ. ಐದಕ್ಕೆ ಬಂದು ಕಾಡುವವರಿಗೆ ಇದೇ ಮದ್ದು. ಆಫೀಸಿನಲ್ಲಿ ಗೊತ್ತಿರುವುದು ನನಗೊಬ್ಬನಿಗೇ. ಸಾಹೇಬರು ಕೈಗಡಿಯಾರ ಕಟ್ಟುವುದಿಲ್ಲ. ಗೋಡೆ ಹೇಳಿದ್ದೇ ಅವರಿಗೆ ವೇದ.

ಮಾರ್ಚ್ 13, ಗುರುವಾರ

ಸಂತೆ. ಕಾಫಿಗೂ ಎದ್ದಿಲ್ಲ. "ಗೊತ್ತೇ ಇರ್ಲಿಲ್ಲ ಸಾರ್." "ಊರಲ್ಲಿ ಇರ್ಲಿಲ್ಲ ಸಾರ್." ಸಿನಿಮಾ ಟೈಮಿಂಗ್ ಎಲ್ಲರಿಗೂ ಗೊತ್ತಿರುತ್ತದೆ. ಥೂ.

ಮಾರ್ಚ್ 14, ಶುಕ್ರವಾರ — ಸಂಜೆ 6

ಬರೆಯಬೇಕೋ ಬೇಡವೋ... ಬರೆಯುತ್ತೇನೆ. ಯಾರು ಓದುತ್ತಾರೆ?

ಗೋಡೆಯಲ್ಲಿ ಐದು ಆದ ಕೂಡಲೇ ಕಿಟಕಿ ಎಳೆದೆ. ಮರುಕ್ಷಣ ನಮ್ಮ ಬೀದಿಯ ಟೈಲರ್. ಕೊರಳಲ್ಲಿ ಟೇಪು, ಮೈಯೆಲ್ಲ ಬೆವರು.

"ಸಾರ್, ನನ್ನ ಮೊಬೈಲಲ್ಲಿ ಇನ್ನೂ ಆರು ನಿಮಿಷ ಇದೆ ಸಾರ್."

"ನಿನ್ನ ಮೊಬೈಲು ನಿನ್ನ ಅಂಗಡಿಗೆ. ಇಲ್ಲಿ ನಡೆಯೋದು ಈ ಗಡಿಯಾರ. ಟೈಮ್ ಆಯ್ತು."

ರಿಜಿಸ್ಟರಿನ ಕೊನೆಯ ನಂಬರಿನ ಕೆಳಗೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದೆ. ಈ ಪದ್ಧತಿ ತಂದವನೂ ನಾನೇ. ಗೆರೆ ಎಳೆದು ಸಾಹೇಬರ ಸಹಿ ಬಿದ್ದರೆ ಮುಗಿಯಿತು, ದೇವರ ಹೆಸರೂ ಸೇರುವುದಿಲ್ಲ. ಸಾಹೇಬರು ಸಹಿ ಹಾಕಿದರು. ಸ್ಕೇಲ್ ಇಡಲು ಡ್ರಾಯರ್ ಎಳೆದೆ.

ಇವಳ ಫಾರಂ.

ನನ್ನ ಫೋನ್ ನೋಡಿದೆ. ನಾಲ್ಕು ಐವತ್ತೇಳು. ಇನ್ನೂ ಮೂರು ನಿಮಿಷ ಇತ್ತು. ಸಾಹೇಬರೂ ಎದುರಿಗೇ ಇದ್ದರು. ಟೈಲರ್ ಇನ್ನೂ ಮೆಟ್ಟಿಲ ಮೇಲೇ ಕೂತಿದ್ದ. "ಸಾರ್, ಗಡಿಯಾರ ತಪ್ಪು" ಎಂದಿದ್ದರೆ ಸಾಕಿತ್ತು. ಆದರೆ ಆಗ ಅವನನ್ನೂ ಒಳಗೆ ಕರೆಯಬೇಕು. ಅವನೆದುರು, ಇಡೀ ಆಫೀಸಿನೆದುರು... ನಾಲ್ಕು ವರ್ಷದ ಲೆಕ್ಕ ಕೇಳುತ್ತಿದ್ದರು.

ಡ್ರಾಯರ್ ಮುಚ್ಚಿದೆ.

ಮನೆಗೆ ಬಂದರೆ ಬಾಗಿಲಲ್ಲೇ, "ಫಾರಂ ಆಯ್ತಾ ರೀ?"

"ಹೂಂ."

ಮಾರ್ಚ್ 28, ಶುಕ್ರವಾರ

ಕೊನೆಯ ಪಟ್ಟಿ ಹಚ್ಚಿದರು. ನನ್ನ ಹೆಸರಿದೆ. ಅದರ ಕೆಳಗೆ ಯಾರೋ ಗಾರೆ ಮೇಸ್ತ್ರಿ. ಇವಳ ಫಾರಂ ಆಫೀಸಿನಲ್ಲಿ ಇಡಲು ಧೈರ್ಯವಿಲ್ಲ, ಹರಿಯಲೂ ಮನಸ್ಸಿಲ್ಲ. ಮಡಚಿ ಈ ಡೈರಿಯೊಳಗೆ ಇಟ್ಟಿದ್ದೇನೆ.

ಪಟ್ಟಿ ನೋಡಿ ಬರುತ್ತೇನೆ ಎಂದಳು. ನಾನೇ ನೋಡಿದೆ, ಇದೆ, ಎಂದೆ. ನಂಬಿದಳು. ಪಬ್ಲಿಕ್ಕು.

ಅಲ್ಲ. ಇವಳಿಗೆ ಆ ಮಾತು ಬೇಡ.

ಏಪ್ರಿಲ್ 6, ಭಾನುವಾರ

ಇವಳು ಟೈಲರ್ ಅಂಗಡಿಯಿಂದ ಮುಖ ಕೆಂಪು ಮಾಡಿಕೊಂಡು ಬಂದಳು. ಹೊಲಿಯಲು ಕೊಟ್ಟ ಬಟ್ಟೆಯನ್ನು ವಾಪಸು ತಂದಿದ್ದಳು.

"ನಿಮ್ಮ ಆಫೀಸ್ ಗಡಿಯಾರ ಮೋಸದ್ದಂತೆ. ಅಂಗಡಿ ತುಂಬಾ ಜನ, ಎಲ್ರ ಎದುರಿಗೂ ಅಂದ. ನಮ್ಮನೆಯವರು ಒಂದು ನಿಮಿಷ ಆಚೆ ಈಚೆ ಮಾಡೋರಲ್ಲ, ನಾಲಿಗೆ ಬಿಗಿ ಹಿಡಿದು ಮಾತಾಡು ಅಂದೆ. ಇನ್ನು ಆ ಮೆಟ್ಟಿಲು ಹತ್ತಲ್ಲ."

ಜನರನ್ನು ಬೈಯುತ್ತಾ ನಾಲ್ಕು ವರ್ಷ ಡೈರಿ ತುಂಬಿಸಿದ್ದೇನೆ. ಇವತ್ತು ಬೈಯಲು ಒಬ್ಬನೇ ಸಿಗುತ್ತಾನೆ. ನಾಚಿಕೆಯಾಗುತ್ತದೆ. ಹೇಳಿಬಿಡಬೇಕು. ನಾಳೆ.

ಏಪ್ರಿಲ್ 13, ಭಾನುವಾರ — ಬೆಳಿಗ್ಗೆ 10.40

ಹೇಳಲಿಲ್ಲ. ಎಂಟಕ್ಕೇ ಹೊರಟಳು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು. ತಂಗಿ ಬೂತಿನ ಹೊರಗೆ ಕಾಯುತ್ತಿರುತ್ತಾಳೆ ಎಂದಳು. ನನ್ನ ಡ್ಯೂಟಿ ಎಣಿಕೆಗೆ, ನಾಳೆ. ಗೇಟಿನವರೆಗೂ ಹೋದೆ. ಬಾಯಿ ತೆರೆದೆ. "ಕೊಡೆ ತಗೊಂಡು ಹೋಗು, ಬಿಸಿಲು" ಎಂದೆ.

ನನ್ನ ವೋಟು ಹಾಕಲು ನಾನು ಹೋಗಿಲ್ಲ. ಯಾವ ಮುಖ ಹೊತ್ತು?

10.55

ಗೇಟಿನ ಸದ್ದು. ಬಂದಳು. ಕೊಡೆ ಮಡಚಿಲ್ಲ. ಬಾಗಿಲಲ್ಲೇ ನಿಂತಿದ್ದಾಳೆ.

"ಮೂರು ಸಲ ಹುಡುಕಿಸಿದೆ. ನಮ್ಮನೆಯವರೇ ಬರೆದಿದ್ದು, ಇರಲೇಬೇಕು ಅಂತ ಜಗಳ ಆಡಿದೆ. ನನ್ನ ಹಿಂದೆ ಕ್ಯೂ ನಿಂತಿತ್ತು, ನಕ್ಕರು. ತಂಗಿನೂ ನೋಡ್ತಿದ್ಲು. ರೀ... ನನ್ನ ಫಾರಂ ಎಲ್ಲಿ?"

ಬರೆಯುತ್ತಲೇ ಇದ್ದೇನೆ, ತಲೆ ಎತ್ತಲಾರೆ. ಹಾಳೆಗಳ ನಡುವಿನಿಂದ ಅದರ ಅಂಚು ಹೊರಗೆ ಕಾಣುತ್ತಿದೆ. ಅವಳಿಗೂ ಕಂಡಿತು. ಕೈ ಚಾಚಿದಳು.

ಒಂದೇ ನಿಮಿಷ, ಎಂದೆ.

"ಟೈಮ್ ಆಯ್ತು," ಎಂದಳು. ಡೈರಿ ಹಿಡಿದು ಎಳೆ