ಕುಸಿದದ್ದು ಎಡಗಡೆ

ಆಗಸ್ಟ್ 29, ಬೆಳಿಗ್ಗೆ 6.40

ತೂಕ 103. ನಿನ್ನೆಗಿಂತ ಅರ್ಧ ಕೆಜಿ ಕಮ್ಮಿ. ಕುತ್ತಿಗೆ ವ್ಯಾಯಾಮ ಮೂರು ಸೆಟ್. ಕಿವಿಗೆ ಟೇಪು. ಮೊಣಕಾಲು ಮೆಟ್ಟಿಲಿಳಿಯುವಾಗ ಮಾತ್ರ ಗೊಣಗುತ್ತೆ. ಮೂವತ್ತನಾಲ್ಕಕ್ಕೆ ಅಷ್ಟು ಇರಬೇಕಾದ್ದೇ.

ಪಕ್ಕದ ಮಂಚದಲ್ಲಿ ಭಾವ ಇನ್ನೂ ಗೊರಕೆ ಹೊಡೀತಿದಾನೆ. ದೇಶಕ್ಕೆ ಕ್ಯಾಪ್ಟನ್, ನನಗೆ ಅಕ್ಕನ ಗಂಡ. ಮದುವೆಗೆ ಮುಂಚೆ 'ಲೋ' ಅಂತಿದ್ದೆ, ಈಗ 'ಭಾವ'. ಏಕವಚನ ಮಾತ್ರ ಬಿಟ್ಟಿಲ್ಲ. "ಮರ್ಯಾದೆ ಕೊಡೋ" ಅಂತ ಅಕ್ಕ ಬೈಯೋದನ್ನೂ ಬಿಟ್ಟಿಲ್ಲ.

ರಗ್ಬಿ ಸ್ಕ್ರಮ್ಮು ಅಂದರೆ ಎರಡೂ ಕಡೆಯ ಎಂಟೆಂಟು ಜನ ತಬ್ಬಿಕೊಂಡು, ತಲೆ ಬಗ್ಗಿಸಿ ಎದುರಾಬದುರಾ ನೂಕೋದು; ಅದರ ಮುಂದಿನ ಸಾಲಲ್ಲಿ ಹನ್ನೊಂದು ವರ್ಷದಿಂದ ನಾವು ಮೂವರೇ. ನಡುವೆ ನಾನು, ಎಡಕ್ಕೆ ಭಾವ, ಬಲಕ್ಕೆ ಕಂಬ — ಆರಡಿ ಐದಿಂಚು, ಹೆಸರು ತಾನಾಗೇ ಬಂತು. ನನ್ನ ಎರಡೂ ಕೈ ಇವರಿಬ್ಬರ ಬೆನ್ನ ಮೇಲೆ ಸಿಕ್ಕಿಕೊಂಡಿರುತ್ತೆ. ಬಿದ್ದರೆ ಊರಿಕೊಳ್ಳಲು ನನಗೆ ಕೈ ಇಲ್ಲ. ಇವರನ್ನ ನಂಬಿ ತಲೆ ಒಳಗೆ ಹಾಕೋದು, ಅಷ್ಟೇ.

ಪೇಪರಿನವರು ಈ ಸಲದ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್ ಗ್ಯಾರಂಟಿ ಅಂತಾರೆ. ನಮಗೂ ಹಾಗೇ ಅನ್ನಿಸ್ತಿದೆ. ಬಾಯಿಬಿಟ್ಟು ಹೇಳಲ್ಲ, ದೃಷ್ಟಿ ಆದೀತು.

ಸೆಪ್ಟೆಂಬರ್ 2, ಮಧ್ಯಾಹ್ನ

ಕೊನೇ ಪ್ರಾಕ್ಟೀಸ್. ಸ್ಕ್ರಮ್ ಆರು ಸಲ, ನಾಲ್ಕು ಸಲ ನೆಲಕ್ಕೆ. ಕೋಚ್ ಸೀಟಿ ಎಸೆದರು.

"ಮೊಂಡ, ನೀನು ಬೇಗ ಇಳೀತಿದೀಯ ಕಣೋ," ಅಂದ ಭಾವ. ಮೊಂಡ ಅಂದರೆ ನಾನು, ಟೀಮಲ್ಲಿ ಇಟ್ಟ ಹೆಸರು. ಎಲ್ಲರ ಮುಂದೆ ಅಂದ. ಇರಬಹುದು. ಮೊಣಕಾಲಿಗೆ ಹೆದರಿ ಬಗ್ತಿದೀನೇನೋ. ಆಮೇಲೆ ಒಬ್ಬನೇ ಗೋಡೆಗೆ ಹೆಗಲು ಕೊಟ್ಟು ನಲವತ್ತು ಸಲ ಇಳಿದೆ, ಎದ್ದೆ.

ಟೀಮ್ ಫೋಟೋಗೆ ಹೊರಟಾಗ ತನ್ನ ಕೋಟಿನ ಗುಂಡಿ ಹಾಕು ಅಂದ ಭಾವ. ಕೈಗೆ ಮುಲಾಮು ಹಚ್ಚಿಕೊಂಡಿದಾನಂತೆ. "ಮಗುವಾಗಿಬಿಟ್ಯಾ?" ಅಂದೆ. ನಕ್ಕ.

ಸೆಪ್ಟೆಂಬರ್ 5, ಬೆಳಿಗ್ಗೆ

ಸೋತೆವು. 17–22. ಹಿಂದಿನ ಎರಡು ವರ್ಷದಲ್ಲಿ ಎರಡು ಸಲ ಹೊಡೆದು ಹಾಕಿದ್ದ ಟೀಮಿನ ಕೈಲಿ.

ಅವರ ಇಪ್ಪತ್ತೆರಡರಲ್ಲಿ ಹದಿನೈದು ನಾವೇ ತಟ್ಟೆಯಲ್ಲಿಟ್ಟು ಕೊಟ್ಟದ್ದು. ಸ್ಕ್ರಮ್ ಕುಸೀತು, ಸೀಟಿ, ಪೆನಾಲ್ಟಿ, ಮೂರು ಪಾಯಿಂಟ್. ಐದು ಸಲ. ಪ್ರತಿ ಸಲ ತಪ್ಪು ನಮ್ಮದೇ ಅಂದ ರೆಫ್ರಿ. ಕೊನೇ ಸಲ ಮುಖ ಮಣ್ಣಲ್ಲಿ ಹೂತುಹೋಗಿ ಒಂದು ಕ್ಷಣ ಉಸಿರು ಸಿಗಲಿಲ್ಲ. ಕಂಬ ಕಾಲರ್ ಹಿಡಿದು ಎಬ್ಬಿಸಿದ.

ಬಸ್ಸಲ್ಲಿ ಮೊಣಕಾಲಿಗೆ ಐಸ್ ಕಟ್ಟಿಕೊಂಡೆ.

ಸೆಪ್ಟೆಂಬರ್ 11

ನಿನ್ನೆ 9–41. ಬರೆಯೋಕೆ ಏನಿದೆ.

ಪೇಪರಲ್ಲಿ ನನ್ನ ಫೋಟೋ. ನೆಲಕಚ್ಚಿದ ಫೋಟೋನೇ ಹುಡುಕಿ ಹಾಕಿದಾರೆ. 'ವಯಸ್ಸಾದ ಕಾಲುಗಳು' ಅಂತ ಕೆಳಗೆ. ಹೆಂಡತಿ ಫೋನಲ್ಲಿ, "ಫೋಟೋದಲ್ಲಿ ನಿಮ್ಮ ಕಾಲೇ ಕಾಣಿಸ್ತಿಲ್ಲ, ವಯಸ್ಸು ಹೇಗೆ ಗೊತ್ತಾಯ್ತಂತೆ?" ಅಂದಳು. ನಗಿಸೋಕೆ. ನಕ್ಕೆ.

ಸೆಪ್ಟೆಂಬರ್ 12, ಬೆಳಿಗ್ಗೆ 11

ಕೋಚ್ ರೂಮಿಗೆ ಕರೆದರು. ಕುರ್ಚಿ ತೋರಿಸಿದರು. ಕೂತ್ಕೋ ಅಂದಾಗಲೇ ಗೊತ್ತಾಯ್ತು.

"ಮುಂದಿನ ಮ್ಯಾಚಿಗೆ ಮೇಷ್ಟ್ರು ಆಡ್ತಾರೆ. ನೀನು ಬೆಂಚು. ಕ್ಯಾಪ್ಟನ್ ಅಭಿಪ್ರಾಯಾನೂ ಅದೇ."

ಮೇಷ್ಟ್ರು ನನ್ನ ಬದಲಿ ಆಟಗಾರ. ನಿಜಕ್ಕೂ ಸ್ಕೂಲ್ ಮೇಷ್ಟ್ರೇ. ರಜೆ ಹಾಕಿ ಬಂದಿದಾರೆ, ಇಬ್ಬರು ಮಕ್ಕಳ ತಂದೆ. ಅವರ ಮೇಲೆ ಸಿಟ್ಟಿಲ್ಲ.

ರೂಮಿಗೆ ಬಂದೆ. ಭಾವ ಕಾಲುಚೀಲ ಜೋಡಿಸ್ತಾ ಕೂತಿದ್ದ.

"ನೀನು ಹೇಳಿದ್ಯಾ?"

"ಕೋಚ್ ಕೇಳಿದ್ರು."

"ಮೊದಲು ನನಗೆ ಹೇಳಬಹುದಿತ್ತಲ್ಲ. ಒಂದೇ ರೂಮಲ್ಲಿದೀವಿ. ಮೂರು ಹೆಜ್ಜೆ ದೂರ."

"ಟೀಮ್ ಮುಖ್ಯ ಕಣೋ."

ನಾನೇ ಎಷ್ಟು ಜನರಿಗೆ ಹೇಳಿದೀನೋ ಆ ಮಾತು. ಜಿಮ್ಮಿಗೆ ಹೋಗಿ ಒಂದು ಗಂಟೆ ಭಾರ ಎತ್ತಿದೆ. ಅವನು ಹೇಳಿದ್ದು ನಿಜ ಅಂತ ನನಗೂ ಅನ್ನಿಸ್ತಿದೆ. ಅದೇ ಹೆಚ್ಚು ನೋವು.

ಸೆಪ್ಟೆಂಬರ್ 14, ಮಧ್ಯಾಹ್ನ 3

ಮನಸ್ಸು ತಡೀಲಿಲ್ಲ. ವಿಡಿಯೋ ನೋಡೋ ರೂಮಿಗೆ ಹೋಗಿ ಎರಡೂ ಮ್ಯಾಚು ಹಾಕಿಸಿಕೊಂಡೆ. ನನ್ನ ತಪ್ಪು ಎಲ್ಲಿ ಅಂತ ನನ್ನ ಕಣ್ಣಲ್ಲೇ ನೋಡಬೇಕಿತ್ತು. ನಿಧಾನ ಮಾಡಿ ನೋಡಿದೆ. ಹತ್ತೊಂಬತ್ತು ಸ್ಕ್ರಮ್.

ನನ್ನ ಕಾಲು ಸರಿಯಾಗೇ ಇದೆ.

ಭಾವ ಬಲಗೈಯಿಂದ ನನ್ನನ್ನ ಹಿಡೀತಾನೆ, ಎಡಗೈಯಿಂದ ಎದುರಾಳಿ ಜೆರ್ಸಿ ಹಿಡೀಬೇಕು. ಹದಿನಾಲ್ಕು ಸಲ ಆ ಎಡಗೈ ಜೆರ್ಸಿ ಮುಟ್ಟುತ್ತೆ, ಮುಚ್ಚಿಕೊಳ್ಳಲ್ಲ. ಜಾರುತ್ತೆ. ಹೆಗಲು ಕೆಳಗೆ. ಹಿಂದೇನೇ ನಾನು. ಬೆರಳಿಗೆ ಜೀವಾನೇ ಇಲ್ಲ, ಒಣಹಾಕಿದ ಗ್ಲೌಸಿನ ಹಾಗೆ.

ಕೋಟಿನ ಗುಂಡಿ ನೆನಪಾಯ್ತು. ಅಕ್ಕನಿಗೆ ಫೋನ್ ಮಾಡಿದೆ.

"ಭಾವನ ಎಡಗೈಗೆ ಏನಾಗಿದೆ?"

ಆಡೋಕೆ ಹೋಗು ಅಂತ ಮಗಳನ್ನ ಆಚೆ ಕಳಿಸಿದಳು. ಆಮೇಲೆ, "ಯಾರಿಗೂ ಹೇಳಲ್ಲ ಅಂತ ನನ್ನ ಮೇಲೆ ಆಣೆ ಇಡು."

ಇಟ್ಟೆ. ದಡ್ಡ.

ಜೂನ್‌ನಿಂದ ಹೀಗಂತೆ. ಮೊದಲು ಬೆರಳು ಜೋಮು, ಆಮೇಲೆ ಲೋಟ ಜಾರೋದು. ಮಗಳನ್ನ ಎಡಗೈಲಿ ಎತ್ತೋದು ಬಿಟ್ಟ. ಟೀಮಿಗೆ ತಿಳಿಯದ ಹಾಗೆ ಬೇರೆ ಊರಲ್ಲಿ ಸ್ಕ್ಯಾನ್. ಕುತ್ತಿಗೆ ಮೂಳೆ ಮಧ್ಯದ ಡಿಸ್ಕ್ ಜಾರಿ ನರ ಒತ್ತುತ್ತಿದೆ. ಅಲ್ಲಿಯ ಡಾಕ್ಟರು ನೇರವಾಗೇ ಹೇಳಿದಾರೆ — ಇನ್ನೊಂದು ಕೆಟ್ಟ ಏಟು, ಮತ್ತೆ ಎದ್ದು ನಿಲ್ಲದೆ ಇರಬಹುದು.

"ಇದೊಂದು ಟೂರ್ನಿ, ಆಮೇಲೆ ಬಿಡ್ತೀನಿ ಅಂದ್ರು. ಬಾಯಿಬಿಟ್ರೆ ಮನೆಗೇ ಬರಲ್ಲ ಅಂದ್ರು ಕಣೋ."

"ಪೇಪರಲ್ಲಿ ನನಗೆ ಉಗೀತಿದ್ದಾಗ ನಿನಗೆ ಗೊತ್ತಿತ್ತು."

"ಓದಿ ಅತ್ತುಬಿಟ್ಟೆ."

ಅತ್ತಳು. ಸರಿ. ಒಂದು ಮಾತು ಹೇಳಲಿಲ್ಲ.

ಸೆಪ್ಟೆಂಬರ್ 15, ಬೆಳಿಗ್ಗೆ 9

ಹೋಟೆಲಿನ ಬಟ್ಟೆ ಒಗೆಯೋ ರೂಮಲ್ಲಿ ಹಿಡಿದೆ. ಮಷಿನ್ ಗುಡುಗುಡು ಅಂತಿತ್ತು, ಹೊರಗೆ ಕೇಳಿಸಲ್ಲ.

"ಕೈ ತೋರಿಸು."

"ಯಾರು ಹೇಳಿದ್ರು?"

"ವಿಡಿಯೋ."

ಗೋಡೆಗೆ ಒರಗಿದ. ಹತ್ತು ವರ್ಷ ದೊಡ್ಡವನ ಹಾಗೆ ಕಂಡ. "ಹದಿನಾಲ್ಕು ವರ್ಷ ಕಾದಿದೀನೋ ಈ ಟೂರ್ನಿಗೆ, ಕ್ಯಾಪ್ಟನ್ನಾಗಿ ಆಡೋಕೆ. ಎರಡು ವಾರ. ಬರೀ ಎರಡು ವಾರ."

"ಅದಕ್ಕೆ ನನ್ನನ್ನ ಬಲಿ ಕೊಟ್ಟೆ."

"ನಿನ್ನನ್ನ ಉಳಿಸೋಕೆ ತೆಗೆಸಿದ್ದು. ನಾನು ಕುಸಿದ್ರೆ ಮೊದಲು ಹೋಗೋದು ನಿನ್ನ ಕುತ್ತಿಗೆ. ನಿನ್ನ ಅಕ್ಕನಿಗೆ ಏನು ಮುಖ ತೋರಿಸ್ಲಿ?"

ಒಂದು ಕ್ಷಣ ಕರಗಿಬಿಟ್ಟೆ. ಆಮೇಲೆ ಹೊಳೀತು. "ಹಾಗಾದ್ರೆ ಮೇಷ್ಟ್ರ ಕುತ್ತಿಗೆ?"

ಮಷಿನ್ ನಿಂತಿತು. ಅವನು ಬಟ್ಟೆ ತೆಗೆಯೋಕೆ ಬಗ್ಗಿದ. ಬಲಗೈಲಿ ಒಂದೊಂದಾಗಿ.

ಟೀಮ್ ಡಾಕ್ಟರ ರೂಮಿನ ಬಾಗಿಲವರೆಗೆ ಹೋದೆ. ಅಕ್ಕನ ಆಣೆ. ವಾಪಸ್ ಬಂದೆ. ನಾಳೆ ಅವನೇ ಹೇಳ್ತಾನೆ ಅಂತ ನನಗೆ ನಾನೇ ಹೇಳಿಕೊಂಡೆ.

ಸೆಪ್ಟೆಂಬರ್ 17, ಬೆಳಿಗ್ಗೆ

ಇದನ್ನ ಪೂರ್ತಿ ಬರೀಬೇಕು. ಬಿಡಬಾರದು.

ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ. ನಿನ್ನೆ ಮ್ಯಾಚು, ನಲವತ್ತಾರನೇ ನಿಮಿಷ. ಸ್ಕ್ರಮ್ ಎಡಕ್ಕೆ ತಿರುಚಿ ಕುಸೀತು. ಎಲ್ಲರೂ ಎದ್ದರು, ಮೇಷ್ಟ್ರು ಏಳಲಿಲ್ಲ. ಕೂಗಿದ್ದು ಬೆಂಚಿನವರೆಗೂ ಕೇಳಿಸಿತು. ಹೆಗಲು ಕಳಚಿ, ಕಾಲರ್ ಬೋನು ಎರಡು ತುಂಡು. ಸ್ಟ್ರೆಚರಲ್ಲಿ ನನ್ನ ಮುಂದೇ ಹೋದರು. ಬಾಯಲ್ಲಿ ಮಣ್ಣು. "ಸಾರಿ, ಹಿಡಿಯೋಕಾಗಲಿಲ್ಲ" ಅಂದರು. ನನಗೆ! ಸಾರಿ ಅಂತೆ!

ಬದಲಿಗೆ ಇಳಿಯಬೇಕಾದವನು ನಾನೇ. ಇಳಿದೆ. ಭಾವ ಬಲಗೈ ನನ್ನ ಬೆನ್ನಿಗೆ ಹಾಕಿದ.

"ಹೊರಗೆ ಹೋಗು," ಅಂದೆ. "ಇಲ್ಲ ಅಂದ್ರೆ ನಾನು ಹೇಳ್ತೀನಿ."

"ಅಕ್ಕನ ಮೇಲೆ ಆಣೆ ಇಟ್ಟಿದೀಯಲ್ಲ. ಹೇಳಲ್ಲ ನೀನು."

ಅಂದರೆ ಅಕ್ಕ ಅವನಿಗೆ ಹೇಳಿದಾಳೆ. ಬಟ್ಟೆ ರೂಮಲ್ಲಿ 'ಯಾರು ಹೇಳಿದ್ರು' ಅಂತ ಕೇಳಿದ್ದು ನಾಟಕ. ನನ್ನ ಬಾಯಿ ಕಟ್ಟಿಹಾಕಿದೆ ಅಂತ ಇಬ್ಬರಿಗೂ ಗೊತ್ತಿತ್ತು. ಅದನ್ನ ನಂಬಿಕೊಂಡೇ ಇನ್ನೊಬ್ಬನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡ.

ಕೈ ಬಿಡಿಸಿಕೊಂಡು ಎದ್ದು ನಿಂತೆ. ಡಾಕ್ಟರನ್ನ ಕರೆದೆ. ಇಡೀ ಸ್ಟೇಡಿಯಂ ನೋಡ್ತಿತ್ತು.

"ಇವರ ಎಡಗೈ ನೋಡಿ. ನಿಮ್ಮ ಬೆರಳು ಒತ್ತೋಕೆ ಹೇಳಿ."

ಡಾಕ್ಟರು ಎರಡು ಬೆರಳು ಚಾಚಿದರು. ಭಾವ ಒತ್ತಿದ. ಹಲ್ಲು ಕಚ್ಚಿ ಒತ್ತಿದ. ಡಾಕ್ಟರ ಮುಖ ಬಿಳುಚಿತು. ತಕ್ಷಣ ಹೊರಗೆ ಅಂದರು. ಭಾವ ನನ್ನ ಕಡೆ ತಿರುಗಿಯೂ ನೋಡದೆ ನಡೆದ.

ಆಮೇಲೆ ಮೂವತ್ತು ಚಿಲ್ಲರೆ ನಿಮಿಷ. ಎಡಕ್ಕೆ ಬೇರೆಯವನು. ಒಂದೇ ಒಂದು ಸ್ಕ್ರಮ್ ಕುಸಿಯಲಿಲ್ಲ.

14–19. ಟೂರ್ನಿ ಮುಗೀತು. ಇನ್ನೊಂದು ಮ್ಯಾಚು ಲೆಕ್ಕಕ್ಕಷ್ಟೇ.

ಸೆಪ್ಟೆಂಬರ್ 19

ಪ್ರೆಸ್‌ಮೀಟ್ ಟೀವಿಯಲ್ಲಿ ನೋಡಿದೆ. ಕತ್ತಿಗೆ ಪಟ್ಟಿ ಕಟ್ಟಿಕೊಂಡು ಭಾವ ನಡುವೆ. 'ನೋವು ನುಂಗಿ ಆಡಿದ ವೀರ'. ಸೋತಿದ್ದಕ್ಕೆ ಕಾರಣ ಏನು ಅಂತ ಒಬ್ಬ ಕೇಳಿದ. ಕೋಚ್: "ಟೀಮಲ್ಲಿ ಒಡಕಿತ್ತು. ಕೆಲವರು ವೈಯಕ್ತಿಕ ಸಿಟ್ಟನ್ನ ಮೈದಾನಕ್ಕೆ ತಂದರು." ಭಾವ ಮೇಜು ನೋಡ್ತಾ ಕೂತ. ಹೌದು ಅನ್ನಲಿಲ್ಲ. ಅಲ್ಲ ಅನ್ನಲೂ ಇಲ್ಲ.

ಬಸ್ಸಲ್ಲಿ ಕಂಬ ಬ್ಯಾಗ್ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದ. ಹನ್ನೊಂದು ವರ್ಷ ನನ್ನ ಬಲಕ್ಕಿದ್ದವನು.

ಅಕ್ಟೋಬರ್ 4, ಸಂಜೆ 5

ಭಾವನ ಆಪರೇಷನ್ ಆಯ್ತು. ಅಕ್ಕ ನನ್ನ ಫೋನ್ ಎತ್ತಲ್ಲ. ಆಸ್ಪತ್ರೆಗೇ ಹೋದೆ.

ಕಾರಿಡಾರಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದಳು. ಮಗಳು ತೊಡೆ ಮೇಲೆ ಮಲಗಿದ್ದಳು. ನನ್ನನ್ನ ಕಂಡೂ ಅಕ್ಕ ಏಳಲಿಲ್ಲ.

"ಭಾವ ನಡೀತಾನಂತಾ?"

"ನಡೀತಾರೆ. ಇನ್ನೊಂದು ಸ್ಕ್ರಮ್ ಆಡಿದ್ರೆ ಕಷ್ಟ ಇತ್ತು ಅಂದ್ರು."

"ಮತ್ತೆ ಯಾಕೆ ನನ್ನ ಹತ್ತಿರ ಮಾತಾಡಲ್ಲ?"

ಮಗುವಿನ ಕೂದಲು ಸವರುತ್ತಾ ಕೂತಳು. "ನಾನು ಮಾಡಬೇಕಾದ್ದನ್ನ ನೀನು ಮಾಡಿದೆ. ಅದಕ್ಕೇ ನಿನ್ನ ಮುಖ ನೋಡೋಕಾಗ್ತಿಲ್ಲ. ಇವತ್ತು ಹೋಗು."

ಬಂದೆ.

ಅಕ್ಟೋಬರ್ 12

ವಿಚಾರಣಾ ಕಮಿಟಿ ಕಾಗದ. 'ತಂಡದ ಕಳಪೆ ಪ್ರದರ್ಶನಕ್ಕೆ ಕಾರಣಗಳು' — ಪ್ರತಿ ಆಟಗಾರನೂ ಲಿಖಿತ ಹೇಳಿಕೆ ಕೊಡಬೇಕು, ಹದಿನೈದರೊಳಗೆ. ವರದಿಯ ಪ್ರತಿ ಎಲ್ಲ ಆಟಗಾರರಿಗೂ ಕಳಿಸ್ತಾರಂತೆ.

ಅದೇ ಹೊತ್ತಿಗೆ ಮೇಷ್ಟ್ರ ಫೋನು. ಮನೆಗೆ ಬನ್ನಿ ಅಂತ. ಹೋದೆ. ಕೈ ಜೋಳಿಗೆಯಲ್ಲಿದೆ. ಹೆಗಲಲ್ಲಿ ಎರಡು ಸ್ಕ್ರೂ. ಇನ್ನು ಆಟ ಇಲ್ಲ. ಬೋರ್ಡಿನ ಮೇಲೆ ಬರೆಯೋಕೂ ಆಗಲ್ಲ, ಮಕ್ಕಳ ಕೈಲಿ ಬರೆಸ್ತೀನಿ ಅಂತ ನಕ್ಕರು. ಅವರ ಹೆಂಡತಿ ಟೀ ತಂದಿಟ್ಟು, "ಇವರ ಪರವಾಗಿ ನಿಂತದ್ದು ನೀವೊಬ್ಬರೇ ಅಣ್ಣ" ಅಂದರು.

"ನೀವು ಇಳಿದ ತಕ್ಷಣ ಕಂಡುಹಿಡಿದುಬಿಟ್ಟಿರಿ," ಅಂದರು ಮೇಷ್ಟ್ರು. "ನಾನು ಅರ್ಧ ಆಟ ಪಕ್ಕದಲ್ಲೇ ಇದ್ದೆ, ನನಗೆ ತಿಳೀಲಿಲ್ಲ ನೋಡಿ."

ಟೀ ಕುಡಿದೆ. ತಲೆ ಆಡಿಸಿದೆ.

ಅಕ್ಟೋಬರ್ 15, ಬೆಳಿಗ್ಗೆ 7.20

ಹೇಳಿಕೆ ಬರೆದೆ. ಎರಡು ಪುಟ. ಭಾವ ಮುಚ್ಚಿಟ್ಟದ್ದು, ಅಕ್ಕನಿಗೆ ಗೊತ್ತಿದ್ದದ್ದು. ಬರೀತಾ ಹೋದ ಹಾಗೆ ಸಿಟ್ಟೂ ಬಂತು, ಸಲೀಸಾಗೂ ಬಂತು. ಕೊನೇ ಸಾಲಿಗೆ ಒಂದು ಗಂಟೆ ಹಿಡೀತು:

'ಸೆಪ್ಟೆಂಬರ್ 14ರ ಮಧ್ಯಾಹ್ನದಿಂದ ನನಗೂ ಗೊತ್ತಿತ್ತು.'

ಎರಡು ದಿನ. ಡಾಕ್ಟರ ಬಾಗಿಲವರೆಗೆ ಹೋಗಿ ವಾಪಸ್ ಬಂದೆನಲ್ಲ. ಹೆಂಡತಿಗೆ ಓದಿ ಹೇಳಿದೆ. ಅವಳು ಬೂಟು ತಂದು ಮುಂದಿಟ್ಟಳು.

ಮೇಷ್ಟ್ರು ಇದನ್ನ ಕಮಿಟಿ ಕಾಗದದಲ್ಲಿ ಓದಬಾರದು. ಎಂಟಕ್ಕೆ ಸ್ಕೂಲಿಗೆ ಹೊರಡ್ತಾರೆ. ಅಷ್ಟರೊಳಗೆ ಹೋಗಬೇಕು. ಬಾಗಿಲು ತೆಗೆದು ಬನ್ನಿ ಬನ್ನಿ ಅಂತ ನಗ್ತಾರೆ. ಆಗ ನಾನು, ಮೇಷ್ಟ್ರೇ, ಮೊದಲು ಇದೊಂದು ಮಾತು ಕೇಳಿಸಿಕೊಳ್ಳಿ, ನೀವು ಬಿದ್ದ ದಿನ ನಾನು ಬೆಂಚಲ್ಲಿ ಕೂತು ನೋಡ್ತಿದ್ದೆ, ಎಲ್ಲಾ ಗೊತ್ತಿದ್ದೂ —