ಜೋಡಿ ಗಾಳಿಚೀಲಗಳು ಒಪ್ಪಿದ ದಿನ

ಬೀಸುಗಂಡಿ ಕಣಿವೆ,
ಎರಡನೆಯ ಮುಂಗಾರಿನ ಮೂವತ್ತಮೂರನೆಯ ದಿನ, ೨೩೪೧

ಈ ಹಾರುಗಟ್ಟೆಯನ್ನು ಮೊದಲು ಕಟ್ಟಿದ ಹಿರಿಯರಿಗೆ,

ತಿಂಗಳಿಗೆ ಮೂವತ್ತಮೂರು ದಿನಗಳಿರುವುದು ನಿಮಗೆ ತಪ್ಪೆಂದು ಕಾಣಬಹುದು. ನಿಮ್ಮ ಫೆಬ್ರವರಿ ನಮಗೂ ಹಾಗೆಯೇ ಕಾಣುತ್ತದೆ. ನನ್ನ ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ತೀರ್ಥಪ್ಪ, ಇಲ್ಲಿಯ ಶಾಲೆಯ ನಿವೃತ್ತ ಉಪಾಧ್ಯಾಯ. ನನಗೆ ಒಂದು ಸಂದೇಹವಿದೆ. ಅದನ್ನು ಕೇಳಲು ನನ್ನ ಕಾಲದಲ್ಲಿ ಯಾರೂ ಉಳಿದಿಲ್ಲ.

ನೀವು ಪ್ಯಾರಾಗ್ಲೈಡರ್ ಎನ್ನುತ್ತಿದ್ದುದನ್ನು ನಾವು ಹಾಯಿರೆಕ್ಕೆ ಎನ್ನುತ್ತೇವೆ. ನಿಮಗದು ವಿನೋದವಾಗಿತ್ತಂತೆ. ಘಾಟಿಯ ರಸ್ತೆ ಕುಸಿದ ಮೇಲೆ ನಮಗೆ ಅದೇ ದಾರಿ: ಇಳಿಯುವುದು ಗಾಳಿಯಲ್ಲಿ, ಹತ್ತುವುದು ಕಾಲಿನಲ್ಲಿ. ಸೂಲಗಿತ್ತಿ, ಅಂಚೆಯವನು, ಮದುವೆಯ ದಿಬ್ಬಣ, ಎಲ್ಲರೂ ಮೂಡಣದ ಬಯಲಿಗೆ ಹೀಗೆಯೇ ಇಳಿಯುತ್ತಾರೆ. ಮಕ್ಕಳು ಇದನ್ನು ಜಿಗಿಯುವುದು ಎಂದರೆ ನಾನು ತಿದ್ದುತ್ತೇನೆ. ಯಾರೂ ಜಿಗಿಯುವುದಿಲ್ಲ, ಎದುರುಗಾಳಿಗೆ ಮುಖಮಾಡಿ ರೆಕ್ಕೆ ತಲೆಯ ಮೇಲೆ ಗಾಳಿ ತುಂಬಿ ನಿಂತ ಬಳಿಕ ಇಳಿಜಾರಿನಲ್ಲಿ ಓಡುತ್ತಾರೆ. ಸಾಲಿನಲ್ಲಿ ಹಿಂದೆ ನಿಂತವರು ಮುಂದಿನವರನ್ನು ರೆಕ್ಕೆಗೆ ಬಿಗಿದ ತೊಡೆಪಟ್ಟಿಗಳನ್ನು ಎಳೆದು ನೋಡಬೇಕೆಂಬುದು ಇಲ್ಲಿಯ ಪದ್ಧತಿ. ಮಾತು ಬಿಟ್ಟ ದಾಯಾದಿಗಳೂ ಮುಖ ತಿರುಗಿಸಿಕೊಂಡೇ ಎಳೆದು ನೋಡುತ್ತಾರೆ.

ಹಾರುಗಟ್ಟೆಯಲ್ಲಿ ನೀವು ಬರೆದು ನೆಟ್ಟ ಫಲಕದಲ್ಲಿ ಈಗ ಒಂದೇ ಸಾಲು ಉಳಿದಿದೆ: ‘ಎರಡೂ ಗಾಳಿಚೀಲಗಳು ಒಪ್ಪಿದ ಮೇಲೆಯೇ ಹಾರಿ.’ ಗಾಳಿ ಬೀಸುವ ಕಡೆಗೆ ಬಾಲ ಚಾಚುವ ಈ ಬಟ್ಟೆಯ ಚೀಲಗಳೆರಡೂ ಒಂದೇ ದಿಕ್ಕು ತೋರಿದರೆ ಒಪ್ಪಿದಂತೆ ಎಂದು ತಿಳಿದು, ನಮ್ಮ ಪೂರ್ವಿಕರು ಅದನ್ನು ಭಕ್ತಿಯಿಂದ ಪಾಲಿಸಿದರು. ಚೀಲಗಳು ಗಂಡಹೆಂಡಿರೆಂದು ಭಾವಿಸಿ, ಅವು ಎಂದೂ ಜಗಳವಾಡದಿರಲೆಂದು ಒಂದೇ ಕಂಬಕ್ಕೆ ಅಕ್ಕಪಕ್ಕದಲ್ಲಿ ಕಟ್ಟಿದರು. ಅಂದಿನಿಂದ ಅವು ಒಪ್ಪದ ದಿನವೇ ಇಲ್ಲ.

ಆದರೆ ಕಳೆದ ಬೇಸಿಗೆಯಲ್ಲಿ, ಚೀಲಗಳು ಒಪ್ಪಿದ್ದಾಗಲೇ ಹಾರಿದ ನೇಕಾರ ಮಾಚಯ್ಯನ ರೆಕ್ಕೆ ನಡುಗಾಳಿಯಲ್ಲಿ ಮುದುಡಿತು. ಆತ ಬದುಕಲಿಲ್ಲ. ಪಟ್ಟಿ ಸಡಿಲವಿತ್ತೆಂದು ಊರು ಹೇಳಿತು. ಆ ಪಟ್ಟಿಗಳನ್ನು ಎಳೆದು ನೋಡಿದವನು ನಾನೇ, ಅವು ಬಿಗಿಯಾಗಿದ್ದವು.

ಇಂದು ನನ್ನ ಮೊಮ್ಮಗಳು ಸುರಗಿ ಮೊದಲ ಬಾರಿಗೆ ಒಬ್ಬಳೇ ಹಾರಬೇಕಿತ್ತು. ಬಿಸಿಲೇರಿದ ಇಳಿಜಾರಿನಿಂದ ಗಾಳಿ ಹಿತವಾಗಿ ಎದುರಿಗೆ ಬರುತ್ತಿತ್ತು. ಚೀಲಗಳೆರಡೂ ಬೆಟ್ಟದ ಕಡೆಗೆ ಬಾಲ ಚಾಚಿದ್ದವು. ಆದರೆ ಮೋಡಗಳ ನೆರಳು ನಮ್ಮ ಬೆನ್ನ ಹಿಂದಿನಿಂದ, ಪಡುವಣದಿಂದ, ಕಣಿವೆಯನ್ನು ದಾಟಿ ಬಯಲಿನ ಕಡೆಗೆ ಓಡುತ್ತಿತ್ತು. ಯಾವುದನ್ನು ನಂಬಬೇಕು? ತಡೆಯಿರೆಂದು ಹಾರುಗಟ್ಟೆಯ ಯಜಮಾನಿ ದ್ಯಾವಮ್ಮನನ್ನು ಕೇಳಿಕೊಂಡೆ.

“ನೆಲದ ಮ್ಯಾಲೆ ನಡೆಯಾಕೇ ಕೋಲು ಬೇಕು ನಿಮ್ಗೆ. ಗಾಳಿಗೂ ಪಾಠ ಹೇಳಾಕ್ ಬಂದ್ರಾ, ಮೇಷ್ಟ್ರೇ?” ಎಂದಳು. ಸಾಲಿನವರೆಲ್ಲ ನಕ್ಕರು.

“ತಾತ, ಅವೆರಡೂ ಒಪ್ಕೊಂಡವೆ. ನೀನೊಬ್ನೇ ಒಪ್ತಿಲ್ಲ” ಎಂದಳು ಸುರಗಿ.

ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಒಂದೇ ಉತ್ತರ ಬರೆದರೆ ನಾನು ಎಂದೂ ಇಬ್ಬರಿಗೂ ಅಂಕ ಕೊಟ್ಟವನಲ್ಲ. ಕಂಬದಿಂದ ಒಂದು ಚೀಲವನ್ನು ಬಿಚ್ಚಿಕೊಂಡು ಹಿಂದಿನ ಬೆಟ್ಟದ ಏಣಿನ ನೆತ್ತಿಗೆ ಹತ್ತಿದೆ. ಅಲ್ಲಿ ಬಂಡೆಯೊಳಗೆ ತುಕ್ಕು ಹಿಡಿದ ಕೊಳವೆಯ ಮೋಟೊಂದು ನಿಂತಿದೆ. ಅದೇಕಿದೆಯೆಂದು ಯಾರಿಗೂ ತಿಳಿಯದು. ಅದಕ್ಕೆ ಕಟ್ಟಿದೆ. ಚೀಲ ಪಟಪಟನೆ ತುಂಬಿಕೊಂಡು ಬಯಲಿನ ಕಡೆಗೆ ನೆಟ್ಟಗೆ ನಿಂತಿತು, ಕೆಳಗಿನದಕ್ಕೆ ತದ್ವಿರುದ್ಧವಾಗಿ. ಮೇಲಿನ ಗಾಳಿ ಬೆಟ್ಟವನ್ನು ದಾಟಿ ನಮ್ಮ ಮುಂದೆಯೇ ಮಗುಚಿ ಬೀಳುತ್ತಿದೆಯೇ? ಹಾರುಗಟ್ಟೆಯಲ್ಲಿ ಕೆನ್ನೆಗೆ ತಾಗುವ ಎದುರುಗಾಳಿ ಬರಿಯ ಬೆಟ್ಟದ ಮರೆಯಲ್ಲಿ ಹಿಂದಕ್ಕೆ ಸುತ್ತಿ ಬರುವ ಗಾಳಿಯೇ? ನನಗೆ ಖಚಿತವಿಲ್ಲ. ನಾನು ವ್ಯಾಕರಣ ಕಲಿಸಿದವನು.

ದ್ಯಾವಮ್ಮ ಮೇಲೊಮ್ಮೆ, ಕೆಳಗೊಮ್ಮೆ ನೋಡಿ ಹಾರುಗಟ್ಟೆಗೆ ಅಡ್ಡಹಗ್ಗ ಕಟ್ಟಿಸಿದ್ದಾಳೆ. ದಂಪತಿಗಳನ್ನು ಅಗಲಿಸಿದವನೆಂದು ಊರು ನನ್ನನ್ನು ಬೈಯುತ್ತಿದೆ. ಮೇಲಿನ ಚೀಲವನ್ನು ಇಳಿಸಬೇಕೋ ಬೇಡವೋ ಎಂದು ಸಂಜೆ ಸಭೆ ಸೇರಲಿದೆ.

ಆದುದರಿಂದ ನಿಮ್ಮಲ್ಲಿ ಬಿನ್ನಹ. ನಿಮ್ಮ ಕೈಯಲ್ಲಿ ಆ ಫಲಕದ ಬಣ್ಣವಿನ್ನೂ ಹಸಿಯಾಗಿದ್ದರೆ, ಎರಡನೆಯ ಚೀಲ ಎಲ್ಲಿರಬೇಕು, ಏಕೆ ಇರಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಆಜ್ಞೆಯನ್ನು ನಾವು ಕಾಪಾಡಿಕೊಂಡೆವು. ಕಾರಣವನ್ನು ನೀವು ಕೊಡಲಿಲ್ಲವೋ, ನಾವೇ ಕಳೆದುಕೊಂಡೆವೋ, ತಿಳಿಯುತ್ತಿಲ್ಲ. ದಯವಿಟ್ಟು ತಡಮಾಡಬೇಡಿ. ಸುರಗಿ ನನ್ನ ಪಕ್ಕದಲ್ಲೇ ಕುಳಿತಿದ್ದಾಳೆ. ಹಾರಲೆಂದು ಬಿಗಿದ ಎದೆಯ ಪಟ್ಟಿಯನ್ನು ಇನ್ನೂ ಬಿಚ್ಚಿಲ್ಲ.

ನಿಮ್ಮ ಉತ್ತರಕ್ಕೆ ಕಾದಿರುವ,
ತೀರ್ಥಪ್ಪ